ಬೆಟ್ಟದ ಮೇಲೆ ನಿಂತು ಉಳಿತಾಯದ ಲೆಕ್ಕ

ಹೋದ ವರ್ಷ ನಮ್ಮ ಆಫೀಸಿನಲ್ಲಿ ಒಂದಷ್ಟು ಜನರನ್ನು ತೆಗೆದರು. ಯಾವ ಕಂಪನಿ ಅನ್ನೋದು ಬೇಡ, ನಿಮ್ಮಲ್ಲಿ ಅನೇಕರು ಇಂಥದ್ದನ್ನು ನೋಡಿರುತ್ತೀರಿ. ಶುಕ್ರವಾರ ಮಧ್ಯಾಹ್ನ ಒಂದು ಮೀಟಿಂಗು, ಸಂಜೆಯೊಳಗೆ ಲ್ಯಾಪ್‌ಟಾಪ್ ವಾಪಸ್. ನನ್ನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಪಕ್ಕದ ಸೀಟಿನವನದ್ದು ಇತ್ತು. ಆ ವಾರ ಬೆಂಗಳೂರಿನಲ್ಲಿ ಇರೋಕೆ ಮನಸ್ಸಾಗದೆ ಊರಿಗೆ ಹೊರಟೆ. ನಮ್ಮದು ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿ. ನಮ್ಮೂರ ಕೆರೆ ಏರಿ ಮೇಲೆ ನಿಂತರೆ ಉತ್ತರಕ್ಕೆ ಚಾಮುಂಡಿ ಬೆಟ್ಟ ಕಾಣುತ್ತೆ. ಭಾನುವಾರ ಬೆಳಿಗ್ಗೆ, ಬಿಇ ಓದುವಾಗ ರೂಮ್‌ಮೇಟ್ ಆಗಿದ್ದ ಗೆಳೆಯನ ಜೊತೆ ಅದೇ ಬೆಟ್ಟದ ಮೆಟ್ಟಿಲು ಹತ್ತಿದೆ.

ನಂದಿ ಹತ್ತಿರ ಬರೋ ಹೊತ್ತಿಗೆ ನನಗೆ ಉಸಿರು ಸಿಕ್ಕಿಕೊಂಡಿತ್ತು. ಅವನು ಆರಾಮಾಗಿ ಮಾತಾಡುತ್ತಲೇ ಇದ್ದ.

“ತೆಗೆದ್ರೆ ಏನಾಯ್ತು ಮಗಾ, ಕಂಪನಿ ಉಳೀತಲ್ಲ. ಸರ್ಕಾರಾನೂ ಹಿಂಗೇ ನಡೆಸ್ಬೇಕು. ಅರ್ಧ ಡಿಪಾರ್ಟ್‌ಮೆಂಟ್ ಮುಚ್ಚಿದ್ರೂ ಯಾರಿಗೂ ಗೊತ್ತಾಗಲ್ಲ.”

ನಮ್ಮ ವಯಸ್ಸಿನವರ ವಾಟ್ಸಾಪ್ ಗ್ರೂಪುಗಳಲ್ಲಿ ತಿಂಗಳಿಗೊಮ್ಮೆಯಾದರೂ ಬರುವ ಮಾತು ಇದು. ನಾನೂ ಹೇಳಿದ್ದೇನೆ. ಆದರೆ ಅವತ್ತು ಮೆಟ್ಟಿಲ ಮೇಲೆ ಕೂತಾಗ ನೆನಪಾಗಿದ್ದು ನಮ್ಮ ಆಫೀಸಿನ ಗೇಟಿನ ಎದುರು ಗಾಡಿಯಲ್ಲಿ ತಿಂಡಿ ಮಾರುವ ಅಕ್ಕ. ಜನ ಕಡಿಮೆಯಾದ ಎರಡನೇ ವಾರಕ್ಕೆ ಅವರು ಚಿತ್ರಾನ್ನದ ಪಾತ್ರೆ ಬದಲಾಯಿಸಿ ಸಣ್ಣದು ತಂದಿದ್ದರು. “ಅರವತ್ತು ಪ್ಲೇಟ್ ಹೋಗ್ತಿತ್ತು ಸರ್, ಈಗ ಮೂವತ್ತಾದ್ರೆ ಹೆಚ್ಚು” ಅಂದರು. ಆಮೇಲೆ ಪಿಜಿಯವರು, ಕ್ಯಾಬ್‌ನವರು, ಇಸ್ತ್ರಿಯವರು. ಅವರ‍್ಯಾರೂ ಕಂಪನಿಯ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಕಂಪನಿ ಉಳಿಸಿದ ಹಣದ ಲೆಕ್ಕದಲ್ಲೂ ಬರಲಿಲ್ಲ.

ಒಂದು ಕಂಪನಿ ಕತ್ತರಿ ಹಾಕಿದರೆ ಒಂದು ರಸ್ತೆ ಸೊರಗುತ್ತೆ. ಸರ್ಕಾರ ಕತ್ತರಿ ಹಾಕಿದರೆ? ಇದಕ್ಕೆ ಉತ್ತರ ಹುಡುಕೋಕೆ ಚಾಮುಂಡಿ ಬೆಟ್ಟಕ್ಕಿಂತ ಒಳ್ಳೆ ಜಾಗ ಇಲ್ಲ. ಮೇಲಿನಿಂದ ಸುತ್ತ ನೋಡಿದರೆ ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಸರ್ಕಾರದ ಹಣ ಎಲ್ಲಿಗೆ ಹೋಯ್ತು, ಎಲ್ಲಿಂದ ಎದ್ದು ಹೋಯ್ತು ಅನ್ನೋದು ಊರೂರಾಗಿ ಹರಡಿಕೊಂಡಿದೆ.

ಮೊದಲು ಉತ್ತರಕ್ಕೆ ನೋಡಿ. ಆಕಾಶ ತಿಳಿಯಾಗಿದ್ದ ದಿನ ಶ್ರೀರಂಗಪಟ್ಟಣದ ದಿಕ್ಕು ಕಾಣುತ್ತೆ. 1799ರ ಮೇ ತನಕ ಅದು ರಾಜಧಾನಿ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿ ಸರ್ಕಾರದ ವೈದ್ಯ ಈ ಸೀಮೆಯನ್ನೆಲ್ಲ ಸುತ್ತಿ ಬರೆದಿಟ್ಟ. ಟಿಪ್ಪು ಕಾಲದಲ್ಲಿ ಆ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬೇಕು ಅಂತ ಅವನ ಅಂದಾಜು. ಅವನು ಬಂದಾಗ ಉಳಿದಿದ್ದು ಸುಮಾರು 32 ಸಾವಿರ. ಎಲ್ಲರೂ ಯುದ್ಧದಲ್ಲಿ ಸತ್ತವರಲ್ಲ. ಅರಮನೆ ಹೋಯ್ತು, ಸೈನ್ಯ ಹೋಯ್ತು, ಸಂಬಳ ಕೊಡುವ ಕೈ ಹೋಯ್ತು, ಅದರ ಹಿಂದೆ ಜನವೂ ಹೋದರು. ಅಳಿದುಳಿದ ವ್ಯವಹಾರ ಕಂಪನಿಯ ಪಡೆಯದ್ದು. ಜ್ವರದ ಕಾಟಕ್ಕೆ ಅದೂ 1809ರಲ್ಲಿ ಬೆಂಗಳೂರಿಗೆ ಹೋಯ್ತು. ಅಲ್ಲೊಂದು ದಂಡು ಪ್ರದೇಶ ಹುಟ್ಟಿತು.

ಶ್ರೀರಂಗಪಟ್ಟಣ ಕಳೆದುಕೊಂಡಿದ್ದರಲ್ಲಿ ದೊಡ್ಡ ಪಾಲು ಬೆಟ್ಟದ ಬುಡಕ್ಕೆ ಬಂತು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮೈಸೂರಿನಲ್ಲಿ ಪಟ್ಟಕ್ಕೆ ಕೂರಿಸಿದರು. ಪಾಳು ಬಿದ್ದಿದ್ದ ಊರಿನಲ್ಲಿ ಮತ್ತೆ ಅರಮನೆ ಎದ್ದಿತು. ಅರಮನೆ ಅಂದರೆ ರಾಜ ರಾಣಿ ಮಾತ್ರ ಅಲ್ಲ. ಅಡುಗೆಯವರು, ಮಾವುತರು, ಅಗಸರು, ಗಾರೆಯವರು, ಸಂಗೀತಗಾರರು, ಪಂಡಿತರು, ಹೂ ಕಟ್ಟುವವರು. 1807ರ ಒಪ್ಪಂದದ ಪ್ರಕಾರ ಸಂಸ್ಥಾನ ನಾಲ್ಕು ಸಾವಿರ ಕುದುರೆ ಸವಾರರನ್ನು ಸಾಕಬೇಕಿತ್ತು. ಕುದುರೆ ಅಂದರೆ ಹುರುಳಿ, ಹುಲ್ಲು, ಲಾಳ, ಜೀನು. ಸುತ್ತಲಿನ ಎಷ್ಟು ಹಳ್ಳಿಗಳ ಬೆಳೆ ಆ ಕುದುರೆಗಳ ಹೊಟ್ಟೆ ಸೇರಿ ದುಡ್ಡಾಗಿರಬೇಕು, ನೀವೇ ಲೆಕ್ಕ ಹಾಕಿ.

ಬೆಟ್ಟದ ಮೆಟ್ಟಿಲುಗಳು ಇದಕ್ಕೂ ಹಳೆಯವು, ದೊಡ್ಡ ದೇವರಾಜ ಒಡೆಯರು 1664ರಲ್ಲಿ ಕಟ್ಟಿಸಿದ್ದು. ದೇವಸ್ಥಾನದ ಎತ್ತರದ ಗೋಪುರ ಮಾತ್ರ ಮುಮ್ಮಡಿಯವರ ಕಾಲದ್ದು, 1827ರದ್ದು. ದೇವಸ್ಥಾನದ ಒಳಗೆ ಮೂವರು ರಾಣಿಯರ ಜೊತೆ ಕೈಮುಗಿದು ನಿಂತ ಅವರ ಮೂರ್ತಿ ಇದೆ. ಸಾಲಿನಲ್ಲಿ ತಳ್ಳಿಸಿಕೊಂಡು ಹೋಗುವಾಗ ನಾವು ಅದನ್ನು ನೋಡೋದೇ ಇಲ್ಲ.

ಆ ಗೋಪುರ ಎದ್ದು ನಾಲ್ಕೇ ವರ್ಷಕ್ಕೆ, 1831ರ ಅಕ್ಟೋಬರ್‌ನಲ್ಲಿ, ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿಯವರಿಂದ ಆಡಳಿತ ಕಿತ್ತುಕೊಂಡ. ಇಲ್ಲಿ ಒಂದು ವಿಷಯ ನೇರವಾಗಿ ಹೇಳಬೇಕು. ನಾವು ಮೈಸೂರು ಸೀಮೆಯವರು ಅರಮನೆ ಅಂದ ಕೂಡಲೇ ಮೆತ್ತಗಾಗಿಬಿಡುತ್ತೇವೆ. ಆದರೆ ದಿವಾನ್ ಪೂರ್ಣಯ್ಯ ತುಂಬಿಸಿಟ್ಟು ಹೋದ ಬೊಕ್ಕಸ ಅಷ್ಟು ಹೊತ್ತಿಗೆ ಬರಿದಾಗಿತ್ತು. ಕಂದಾಯ ವಸೂಲಿಯನ್ನು ಗುತ್ತಿಗೆ ಕೊಟ್ಟಿದ್ದರು, ಗುತ್ತಿಗೆದಾರರು ರೈತರನ್ನು ಹಿಂಡುತ್ತಿದ್ದರು. ನಗರ ಸೀಮೆಯ ರೈತರು ದಂಗೆ ಎದ್ದಿದ್ದು ಅದಕ್ಕೇ. ಮೈಸೂರಿನ ಬೀದಿಯಲ್ಲಿ ಓಡಾಡುತ್ತಿದ್ದ ದುಡ್ಡು ಯಾರದೋ ಗದ್ದೆಯಿಂದ ಬಂದದ್ದು. ಕತ್ತರಿ ಹಾಕಲೇಬಾರದಿತ್ತು ಅಂತ ವಾದಿಸೋಕೆ ನನಗೆ ಬಾಯಿ ಬರಲ್ಲ.

ಆದರೆ ಆಗಿದ್ದೇನು ನೋಡಿ. ಬ್ರಿಟಿಷ್ ಕಮಿಷನ್ ತನ್ನ ಕಚೇರಿಗಳನ್ನು ಬೆಂಗಳೂರಿಗೆ ಎತ್ತಿಕೊಂಡು ಹೋಯ್ತು. ಕಚೇರಿ ಹೋದ ಕಡೆ ಗುಮಾಸ್ತರು, ವಕೀಲರು, ಅರ್ಜಿ ಬರೆಯುವವರು, ಊಟದ ಮನೆಯವರು. 1881ರ ಜನಗಣತಿಯಲ್ಲಿ ಬೆಂಗಳೂರು, ದಂಡು ಸೇರಿ, 1,55,857 ಜನ. ಮೈಸೂರು 60,292. ಇವತ್ತಿಗೂ ನಾನು ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋಗುತ್ತೇನೆ, ಅಲ್ಲಿಂದ ಯಾರೂ ಕೆಲಸಕ್ಕೆ ಅಂತ ನಮ್ಮೂರ ಕಡೆ ಬರಲ್ಲ. ಈ ದಾರಿಯ ಮೊದಲ ಕಲ್ಲು ನೆಟ್ಟಿದ್ದರಲ್ಲಿ 1831ರ ಆ ಗಂಟುಮೂಟೆಯ ಪಾಲೂ ಇದೆ.

ಮೈಸೂರು ಪೂರ್ತಿ ಬರಿದಾಗಲಿಲ್ಲ, ಅದಕ್ಕೂ ಕಾರಣ ಇದೆ. ಅಧಿಕಾರ ಹೋದರೂ ಮುಮ್ಮಡಿಯವರಿಗೆ ವರ್ಷಕ್ಕೆ ಒಂದು ಲಕ್ಷ ವರಹ, ಅಂದರೆ ಸುಮಾರು ಮೂರೂವರೆ ಲಕ್ಷ ರೂಪಾಯಿ, ಅದರ ಜೊತೆ ನಿವ್ವಳ ಆದಾಯದಲ್ಲಿ ಐದರಲ್ಲಿ ಒಂದು ಪಾಲು ಬರುತ್ತಿತ್ತು. ಅವರು ಅದನ್ನು ಊರಲ್ಲೇ ಖರ್ಚು ಮಾಡಿದರು. ಊರು ಆ ಖರ್ಚಿನ ಮೇಲೆ ಬದುಕಿತು. 1868ರ ಮಾರ್ಚ್‌ನಲ್ಲಿ ಅವರು ತೀರಿಕೊಂಡಾಗ ದತ್ತುಮಗ ಚಾಮರಾಜೇಂದ್ರರಿಗೆ ಐದು ವರ್ಷ. ಬ್ರಿಟಿಷ್ ಅಧಿಕಾರಿಗಳು ಅರಮನೆಯ ಲೆಕ್ಕಪುಸ್ತಕ ತೆರೆದರು. ಸಾಲಗಾರರ ಪಟ್ಟಿ ಆಯ್ತು, ಆಳುಕಾಳುಗಳ ಪಟ್ಟಿ ಆಯ್ತು, ಸಿಬ್ಬಂದಿ ಇಳಿಸಿದರು. ಕೆಲವರಿಗೆ ಪಿಂಚಣಿ, ಕೆಲವರಿಗೆ ಅದೂ ಇಲ್ಲ. ನಮ್ಮ ಶುಕ್ರವಾರದ ಮೀಟಿಂಗಿನ ಹಾಗೇ. ವ್ಯತ್ಯಾಸ ಇಷ್ಟೇ, ಅವರಿಗೆ ಬೇರೆ ಕಂಪನಿ ಇರಲಿಲ್ಲ.

ಇದಾಗಿ ಎಂಟೇ ವರ್ಷಕ್ಕೆ ಧಾತು ಸಂವತ್ಸರ ಬಂತು.

ನಮ್ಮಜ್ಜಿ ಊಟಕ್ಕೆ ಆತುರ ಮಾಡಿದರೆ “ಏನ್ಲಾ, ಧಾತು ಬರದಿಂದ ಎದ್ದು ಬಂದೋನ್ ಥರ ತಿಂತೀಯ” ಅಂತ ಬಯ್ಯುತ್ತಿದ್ದರು. ಅಜ್ಜಿ ಹುಟ್ಟೋಕೆ ಅರ್ಧ ಶತಮಾನ ಮೊದಲಿನ ಬರ ಅದು. ಅವರಿಗೆ ಅವರಜ್ಜಿ ಹೇಳಿದ್ದಿರಬೇಕು. 1876–77 ಧಾತು, 1877–78 ಈಶ್ವರ. ಮಳೆ ಕೈಕೊಟ್ಟಿತು, ಮತ್ತೆ ಕೈಕೊಟ್ಟಿತು. ಮದ್ರಾಸಿನಿಂದ ಬೆಂಗಳೂರಿನ ತನಕ ರೈಲು ಇತ್ತು, ಧಾನ್ಯ ಅಲ್ಲಿಗೆ ಬರುತ್ತಿತ್ತು. ಅಲ್ಲಿಂದ ಮೈಸೂರಿಗೆ ಎತ್ತಿನ ಗಾಡಿಯೇ ಗತಿ. ಬರಗಾಲದಲ್ಲಿ ಎತ್ತಿಗೆ ಮೇವು ಎಲ್ಲಿಂದ?

ಜನ ಪರಿಹಾರ ಕಾಮಗಾರಿಗೆ ಬಂದರು. ಮಣ್ಣು ಹೊತ್ತು ಕೂಲಿ ಪಡೆಯುವುದು, ನರೇಗಾದ ಅಜ್ಜ ಅನ್ನಬಹುದು. ಆಗ ಕಲ್ಕತ್ತಾದಿಂದ ಸರ್ ರಿಚರ್ಡ್ ಟೆಂಪಲ್ ಅನ್ನುವ ಹಿರಿಯ ಅಧಿಕಾರಿಯನ್ನು ಕಳಿಸಿದರು. ಪ್ರಾಣ ಉಳಿಸಬೇಕು, ದುಡ್ಡೂ ಉಳಿಸಬೇಕು ಅನ್ನೋದು ಅವನಿಗೆ ಕೊಟ್ಟ ಕೆಲಸ. ಇದು 1877ರ ಜನವರಿ. ಅದೇ ತಿಂಗಳ ಒಂದನೇ ತಾರೀಖು ದೆಹಲಿಯಲ್ಲಿ ವೈಸ್‌ರಾಯ್ ಲಿಟ್ಟನ್ ದೊಡ್ಡ ದರ್ಬಾರ್ ಮಾಡಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಅಂತ ಸಾರಿದ್ದ. ಟೆಂಪಲ್ ಮದ್ರಾಸ್ ಪ್ರಾಂತ್ಯದ ಕಾಮಗಾರಿಗಳಲ್ಲಿ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯ ಮತ್ತು ಸ್ವಲ್ಪ ಕಾಸಿಗೆ ಇಳಿಸಿದ. ಒಂದು ಪೌಂಡ್ ಅಂದರೆ ಅರ್ಧ ಕೆಜಿಗಿಂತಲೂ ಕಡಿಮೆ, ಅದನ್ನು ತಿಂದು ದಿನವಿಡೀ ಮಣ್ಣು ಹೊರಬೇಕು. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇದರಲ್ಲಿ ಮನುಷ್ಯ ಬದುಕಲ್ಲ ಅಂತ ಪಟ್ಟು ಹಿಡಿದು ಜಗಳವಾಡಿದರು. ಕೆಲವು ತಿಂಗಳ ಮೇಲೆ ಕೂಲಿ ಸ್ವಲ್ಪ ಏರಿತು. ಟೆಂಪಲ್‌ನ ಪ್ರವಾಸದ ಪಟ್ಟಿಯಲ್ಲಿ ಮೈಸೂರು ಸಂಸ್ಥಾನವೂ ಇತ್ತು. ಇಲ್ಲೂ ಅವನದು ಮಿತವ್ಯಯದ್ದೇ ಪಾಠ.

ಈಗ ಲೆಕ್ಕ ನೋಡಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50,55,412 ಜನ. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಹುಟ್ಟಿದವರನ್ನೆಲ್ಲ ಸೇರಿಸಿಕೊಂಡೂ ಎಂಟೂಮುಕ್ಕಾಲು ಲಕ್ಷಕ್ಕೆ ಹತ್ತಿರ ಕಡಿಮೆ. ಆರರಲ್ಲಿ ಒಬ್ಬರು ಇಲ್ಲ.

ಗೆಳೆಯನಿಗೆ ನಾನು ಹೇಳಬೇಕಿದ್ದ ಮಾತು ಇಲ್ಲಿದೆ. ಕಂಪನಿಗೆ ‘ಹೊರಗೆ’ ಅಂತ ಒಂದು ಜಾಗ ಇದೆ. ತೆಗೆದವರನ್ನು ಆ ಜಾಗಕ್ಕೆ ಬಿಟ್ಟು ಬಾಗಿಲು ಹಾಕಿಕೊಂಡರೆ ಅದರ ಲೆಕ್ಕ ಮುಗೀತು. ಸರ್ಕಾರಕ್ಕೆ ಹೊರಗೆ ಅನ್ನೋ ಜಾಗವೇ ಇಲ್ಲ. ಅದು ಒಂದು ಪುಸ್ತಕದಿಂದ ಹೊಡೆದುಹಾಕಿದ ಹೆಸರು ಇನ್ನೊಂದು ಪುಸ್ತಕದಲ್ಲಿ ಬಂದೇ ಬರುತ್ತೆ. ಸಂಬಳದ ಪುಸ್ತಕದಲ್ಲಿ ಇಲ್ಲದವನು ಗಂಜಿಕೇಂದ್ರದ ಪುಸ್ತಕದಲ್ಲಿ ಇರುತ್ತಾನೆ. ಅಲ್ಲೂ ಇಲ್ಲದಿದ್ದರೆ ಜನಗಣತಿಯಲ್ಲಿ ಕಡಿಮೆ ಬೀಳುತ್ತಾನೆ. ಸತ್ತ ರೈತ ಕಂದಾಯ ಕಟ್ಟಲ್ಲ. ಬದುಕಿದವನ ಎತ್ತು ಸತ್ತಿದ್ದರೆ ಅವನೂ ಕಟ್ಟಲ್ಲ. ಕೂಲಿಯಲ್ಲಿ ಕಾಸು ಕಾಸು ಹಿಡಿದ ಮೇಲೂ ಬರ ಮುಗಿಯುವ ಹೊತ್ತಿಗೆ ಸಂಸ್ಥಾನದ ಮೇಲೆ ಭಾರತ ಸರ್ಕಾರದ 80 ಲಕ್ಷ ರೂಪಾಯಿ ಸಾಲ ಕೂತಿತ್ತು. ಆಗಿನ ಇಡೀ ಸಂಸ್ಥಾನದ ವರ್ಷದ ಆದಾಯವೇ ಒಂದು ಕೋಟಿಯ ಆಸುಪಾಸು.

ಆ ಸಾಲದ ಜೊತೆಗೇ 1881ರ ಮಾರ್ಚ್ 25ರಂದು ಸಂಸ್ಥಾನವನ್ನು ಒಡೆಯರ ಮನೆತನಕ್ಕೆ ವಾಪಸ್ ಕೊಟ್ಟರು. ಚಾಮರಾಜೇಂದ್ರರಿಗೆ 18 ವರ್ಷ, ದಿವಾನ್ ಸಿ. ರಂಗಾಚಾರ್ಲು. ಮೊದಲೇ ಕಂಪನಿ ಕಾಲದಿಂದ ವರ್ಷಕ್ಕೆ 24.5 ಲಕ್ಷ ಪೊಗದಿ ಕಟ್ಟಬೇಕಿತ್ತು. ಅದನ್ನು 35 ಲಕ್ಷಕ್ಕೆ ಏರಿಸುವ ಷರತ್ತನ್ನೂ ಹಾಕಿದ್ದರು, ಬರದ ಕಾರಣಕ್ಕೆ ಏರಿಕೆಯನ್ನು ಮುಂದೂಡಿದರು ಅಷ್ಟೇ. ಕೆಳಗೆ ಸಾಲ, ಮೇಲೆ ಪೊಗದಿ, ಮಧ್ಯೆ ಜನರೇ ಇಲ್ಲದ ಹಳ್ಳಿಗಳು.

ರಂಗಾಚಾರ್ಲು ಕತ್ತರಿ ತೆಗೆದರು. ಅವರೇನೂ ಕೈ ನಡುಗುವ ಮನುಷ್ಯ ಅಲ್ಲ. ದುಬಾರಿ ಸಂಬಳದ ಬ್ರಿಟಿಷ್ ಅಧಿಕಾರಿಗಳಿಂದ ಮೈಸೂರಿಗೆ ಆಗುತ್ತಿರುವ ಹೊರೆ ಬಗ್ಗೆ 1874ರಲ್ಲೇ ಒಂದು ಪುಸ್ತಿಕೆ ಬರೆದಿದ್ದವರು. ಈಗ ಎಂಟು ಜಿಲ್ಲೆಗಳನ್ನು ಆರಕ್ಕೆ ಇಳಿಸಿದರು. ಹಾಸನ ಮತ್ತು ಚಿತ್ರದುರ್ಗ ಜಿಲ್ಲೆಗಳೇ ಇಲ್ಲದಾದವು. ತಾಲ್ಲೂಕುಗಳನ್ನೂ ಕಡಿಮೆ ಮಾಡಿದರು.

ಕಾಗದದ ಮೇಲೆ ಇದು ಚೆನ್ನಾಗಿ ಕಾಣುತ್ತೆ. ಎರಡು ಜಿಲ್ಲಾ ಕಚೇರಿ, ಎರಡು ಖಜಾನೆ ಉಳೀತು. ಆದರೆ ಹಾಸನದ ಪೇಟೆಯಲ್ಲಿ ನಿಂತು ನೋಡಿ. ಕಚೇರಿ ಕೆಲಸಕ್ಕೆ ಅಂತ ಹಳ್ಳಿಯಿಂದ ಬಂದವನು ಎರಡು ದಿನ ಉಳಿಯುತ್ತಿದ್ದ, ಊಟ ಮಾಡುತ್ತಿದ್ದ, ಹೋಗುವಾಗ ಮನೆಗೆ ಉಪ್ಪು, ಬಟ್ಟೆ ಕೊಳ್ಳುತ್ತಿದ್ದ. ಈಗ ಅವನು ಇನ್ನೂ ದೂರದ ಊರಿಗೆ ಗಾಡಿ ಕಟ್ಟಬೇಕು. ಸರ್ಕಾರದ ಪುಸ್ತಕದಿಂದ ಹೋದ ಖರ್ಚು ರೈತನ ಗಾಡಿಗೆ ಬಂದು ಕೂತಿತು. ನಮ್ಮ ತಂದೆ ಒಂದು ಪಹಣಿ ತಿದ್ದುಪಡಿಗೆ ಮೂರು ಸಲ ಕೂಲಿ ಬಿಟ್ಟು ತಾಲ್ಲೂಕು ಆಫೀಸಿಗೆ ಅಲೆದಿದ್ದನ್ನು ನೋಡಿದವನು ನಾನು. ಪ್ರತಿ ಸಲವೂ ‘ಇಲ್ಲಿ ಜನ ಕಡಿಮೆ, ಮುಂದಿನ ವಾರ ಬನ್ನಿ’ ಅನ್ನೋದೇ ಉತ್ತರ. ಆ ಖಾಲಿ ಕುರ್ಚಿಯ ಸಂಬಳವನ್ನು ಸರ್ಕಾರ ಉಳಿಸಿತ್ತು, ನಮ್ಮಪ್ಪ ಕೊಟ್ಟಿದ್ದರು.

ಮುಂದಿನ ದಿವಾನ್ ಶೇಷಾದ್ರಿ ಅಯ್ಯರ್ 1886ರಲ್ಲಿ ಆ ಎರಡೂ ಜಿಲ್ಲೆಗಳನ್ನು ಮತ್ತೆ ಮಾಡಿದರು. ಆ ಕಡಿತ ನಾಲ್ಕೈದು ವರ್ಷವೂ ಸರಿಯಾಗಿ ಬಾಳಲಿಲ್ಲ.

ಆದರೆ ರಂಗಾಚಾರ್ಲು ಒಂದು ಕಡೆ ಕತ್ತರಿ ಆಡಿಸಲಿಲ್ಲ. ಅದಕ್ಕೇ ಅವರ ಹೆಸರು ಉಳಿದಿರೋದು. ಬರ ಪರಿಹಾರದ ಕಾಮಗಾರಿಯಾಗಿ ಶುರುವಾಗಿದ್ದ ಬೆಂಗಳೂರು–ಮೈಸೂರು ರೈಲು ಮಾರ್ಗ ಅರ್ಧದಲ್ಲಿತ್ತು. ಸಾಲದಲ್ಲಿ ಮುಳುಗಿದ ಸರ್ಕಾರ ನಿಲ್ಲಿಸೋಕೆ ಇದಕ್ಕಿಂತ ಸುಲಭದ ಖರ್ಚು ಇನ್ನೊಂದಿಲ್ಲ. ನಿಲ್ಲಿಸಿದರೆ ಯಾರ ಸಂಬಳವೂ ಹೋಗಲ್ಲ, ಕೂಲಿಯವರು ಮನೆಗೆ ಹೋಗುತ್ತಾರೆ ಅಷ್ಟೇ. ಅವರು ನಿಲ್ಲಿಸಲಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ದಸರೆಗೆ ಅಂತ ಮೈಸೂರಿನಲ್ಲಿ 144 ಜನರ ಮೊದಲ ಪ್ರಜಾಪ್ರತಿನಿಧಿ ಸಭೆ ಕರೆದರು. ಸಂಸ್ಥಾನದ ಹಣದ ಪರಿಸ್ಥಿತಿಯನ್ನು ಅವರ ಮುಂದೆ ಇಟ್ಟರು. ರೈಲು, ಕೈಗಾರಿಕೆ ಯಾಕೆ ಬೇಕು ಅನ್ನೋದನ್ನೂ ಹೇಳಿದರು. 1882ರಲ್ಲಿ ರೈಲು ಮೈಸೂರಿಗೆ ಬಂತು. 1883ರ ಜನವರಿಯಲ್ಲಿ ಅವರು ತೀರಿಕೊಂಡರು. 1891ರಲ್ಲಿ ರೈಲು ನಮ್ಮ ನಂಜನಗೂಡಿಗೂ ಬಂತು. ಮೈಸೂರಿನ ಜನಸಂಖ್ಯೆ ಆ ಹತ್ತು ವರ್ಷದಲ್ಲಿ 60,292ರಿಂದ 74,048ಕ್ಕೆ ಏರಿತು. ಎಲ್ಲವೂ ರೈಲಿನಿಂದಲೇ ಆಯ್ತು ಅಂತಲ್ಲ, ದೊರೆ ವಾಪಸ್ ಬಂದಿದ್ದರು, ಮಳೆಯೂ ವಾಪಸ್ ಬಂದಿತ್ತು. ಆದರೆ ಮುಂದಿನ ಸಲ ಬರ ಬಂದರೆ ಧಾನ್ಯಕ್ಕೆ ಎತ್ತಿನ ದಾರಿ ಕಾಯಬೇಕಿರಲಿಲ್ಲ.

ಒಬ್ಬನೇ ಮನುಷ್ಯ, ಒಂದೇ ಸಾಲ, ಒಂದೇ ಖಜಾನೆ. ಎರಡು ತೀರ್ಮಾನ. ಒಂದನ್ನು ಕೆಲವೇ ವರ್ಷದಲ್ಲಿ ತಿದ್ದಬೇಕಾಯ್ತು. ಇನ್ನೊಂದರ ಜಾಡಿನಲ್ಲಿ ನಾನು ಈಗಲೂ ಭಾನುವಾರ ರಾತ್ರಿ ಬೆಂಗಳೂರಿಗೆ ವಾಪಸ್ ಹೋಗುತ್ತೇನೆ.

ಬೆಟ್ಟದ ಮೇಲಿಂದ ಕಾಣೋ ಉಳಿದದ್ದನ್ನೂ ಹೀಗೇ ಓದಬಹುದು. ವಾಯವ್ಯಕ್ಕೆ ಹೊಳೆಯುವ ಕನ್ನಂಬಾಡಿ ನೀರು, ಬುಡದಲ್ಲಿ ವೈಸ್‌ರಾಯ್‌ಗೆ ಅಂತ 1921ರಲ್ಲಿ ಕಟ್ಟಿಸಿದ ಬಿಳಿ ಲಲಿತಮಹಲ್. ಎರಡೂ ಸರ್ಕಾರದ ದುಡ್ಡೇ. ಒಂದು ಇವತ್ತಿಗೂ ಗದ್ದೆಗೆ ನೀರು ಕೊಡುತ್ತೆ, ಇನ್ನೊಂದು ಹೋಟೆಲ್ ಆಯ್ತು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿಯಿಂದ ರಾಜಧನ ನಿಂತಿತು. ಮೈಸೂರಿನ ಮಹಾರಾಜರಿಗೆ ಬರುತ್ತಿದ್ದುದು ವರ್ಷಕ್ಕೆ 26 ಲಕ್ಷ. ಪ್ರಜಾಪ್ರಭುತ್ವದಲ್ಲಿ ಅದು ನಿಲ್ಲಬೇಕಾದ್ದೇ. ಆದರೆ ಅಂಬಾರಿ ಖಾಲಿ ಹೋಗಲಿಲ್ಲ. ದಸರೆಯನ್ನು ರಾಜ್ಯ ಸರ್ಕಾರ ಕೈಗೆತ್ತಿಕೊಂಡಿತು, ಮಹಾರಾಜರು ಕೂರುತ್ತಿದ್ದ ಜಾಗದಲ್ಲಿ ಈ ಬೆಟ್ಟದ ತಾಯಿಯ ಮೂರ್ತಿ ಕೂತಿತು. ಹಣ ಬರುವ ಕೈ ಬದಲಾಯ್ತು, ಬರುವುದು ನಿಲ್ಲಲಿಲ್ಲ. ಟಾಂಗಾದವರು, ಲಾಡ್ಜಿನವರು, ಮಲ್ಲಿಗೆ ಮಾರುವವರು ಉಳಿದರು.

ಅದು ನಿಂತರೆ ಹೇಗಿರುತ್ತೆ ಅನ್ನೋದನ್ನು ನಾವು ನೋಡಿದ್ದೇವೆ. 2015ರಲ್ಲಿ ಬರ, ರೈತರ ಆತ್ಮಹತ್ಯೆ ಅಂತ ಸರಳ ದಸರಾ. 2020ರಲ್ಲಿ ಕೊರೊನಾ ಅಂತ ಸರಳ ದಸರಾ. ಎರಡಕ್ಕೂ ಕಾರಣ ಇತ್ತು, ರೈತ ಸಾಯುವಾಗ ಮೈಸೂರಿನಲ್ಲಿ ದೀಪ ಹಚ್ಚೋದು ನನಗೂ ಸರಿ ಕಾಣಲ್ಲ. ಆದರೆ ವರ್ಷದ ದುಡಿಮೆಯನ್ನು ಹತ್ತು ದಿನದಲ್ಲಿ ನೋಡುವ ಟಾಂಗಾದವನಿಗೆ ‘ಸರಳ’ ಅನ್ನೋ ಪದದ ಅರ್ಥ ಬೇರೆ. ಉಳಿಸಿದ ಹಣ ರೈತನ ಮನೆಗೆ ಹೋಯ್ತಾ ಅಂತ ಕೇಳೋದು ಅವನ ಹಕ್ಕು.

ಇಷ್ಟೆಲ್ಲ ಗೆಳೆಯನಿಗೆ ಅವತ್ತೇ ಹೇಳೋಕೆ ಆಗಲಿಲ್ಲ. ಆಮೇಲೆ ಫೋನಿನಲ್ಲಿ ಹೇಳಿದೆ. ಕತ್ತರಿ ಹಾಕಲೇಬಾರದು ಅಂತ ನನ್ನ ವಾದ ಅಲ್ಲ, ಗುತ್ತಿಗೆದಾರರು ಹಿಂಡಿದ ದುಡ್ಡಿನಲ್ಲಿ ನಡೆಯುವ ದರ್ಬಾರಿಗೆ ಹಾಕಲೇಬೇಕು. ಹಾಕುವ ಮುಂಚೆ ಒಂದು ಪ್ರಶ್ನೆ ಕೇಳೋಣ ಅಷ್ಟೇ. ಈ ಖರ್ಚು ನಿಜವಾಗಿ ಹೋಗುತ್ತಾ, ಅಥವಾ ಸರ್ಕಾರದ ಪುಸ್ತಕದಿಂದ ಎದ್ದು ಯಾರದೋ ಮನೆಗೆ ಹೋಗಿ ಕೂರುತ್ತಾ?

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಸರಿ ಮಗಾ, ಆದ್ರೆ ನಮ್ಮ ತಾಲ್ಲೂಕು ಆಫೀಸು ಮಾತ್ರ ಸರಿ ಇಲ್ಲ” ಅಂದ.

ಅದನ್ನು ನಾನೂ ಒಪ್ಪಿದೆ. ನಮ್ಮಪ್ಪನ ಪಹಣಿ ಇನ್ನೂ ತಿದ್ದುಪಡಿ ಆಗಿಲ್ಲ.